ಬೋನಿಗೆ ಬಿದ್ದ ವೈರಸ್ಸನ್ನು ಏನು ಮಾಡೋಣ?

ಶಾಲೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿದಾಗ ಕೆಲವೊಮ್ಮೆ ಪರದೆಯ ಮೂಲೆಯಲ್ಲಿ ಒಂದು ಎಚ್ಚರಿಕೆ ಮೂಡುತ್ತದೆ: ‘ವೈರಸ್ ಪತ್ತೆಯಾಗಿದೆ, ಕ್ವಾರಂಟೈನ್ ಮಾಡಲಾಗಿದೆ.’ ಹಿಡಿದದ್ದೇನೋ ಸರಿ. ಆದರೆ ಕೂಡಲೇ ಅಳಿಸಿಹಾಕಲಿಲ್ಲ ಏಕೆ? ಮುಂದೆ ಅದನ್ನು ಏನು ಮಾಡಬೇಕು? ಬನ್ನಿ, ತಿಳಿಯೋಣ.

ಹಡಗಿನಿಂದ ಬಂದ ಪದ

2020ರಲ್ಲಿ ಕೋವಿಡ್ ಬಂದಾಗ ಕ್ವಾರಂಟೈನ್ ಎಂಬ ಪದ ಮನೆಮಾತಾಯಿತು. ಆದರೆ ಪದ ಬಹಳ ಹಳೆಯದು. ಇಟಲಿಯ ವೆನಿಸ್ ನಗರದ ಭಾಷೆಯಲ್ಲಿ ಅದರ ಮೂಲ ಅರ್ಥ ‘ನಲವತ್ತು ದಿನ’. ಪ್ಲೇಗ್ ಇರುವ ಊರಿನಿಂದ ಬಂದ ಹಡಗನ್ನು ಅಷ್ಟು ದಿನ ದೂರದಲ್ಲೇ ನಿಲ್ಲಿಸುತ್ತಿದ್ದರು. ಹಡಗುಗಳ ಅಂತಾರಾಷ್ಟ್ರೀಯ ಸಂಕೇತದಲ್ಲಿ ಇಂದಿಗೂ ಹಳದಿ ಬಾವುಟಕ್ಕೆ ‘ನಮ್ಮ ಹಡಗಿನಲ್ಲಿ ರೋಗವಿಲ್ಲ, ಒಳಬರಲು ಒಪ್ಪಿಗೆ ಕೊಡಿ’ ಎಂದು ಅರ್ಥ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ಹೊರದೇಶದಿಂದ ಬರುವ ಹಡಗಿಗೂ ಆರೋಗ್ಯಾಧಿಕಾರಿಗಳ ಒಪ್ಪಿಗೆ ಬೇಕು.

ಇಲ್ಲಿ ಒಂದು ಮಾತು ಗಮನಿಸಿ. ಅನುಮಾನ ಬಂದ ಹಡಗನ್ನು ಯಾರೂ ಮುಳುಗಿಸುವುದಿಲ್ಲ. ದೂರ ನಿಲ್ಲಿಸಿ, ಪರೀಕ್ಷಿಸಿ, ಆಮೇಲೆ ತೀರ್ಮಾನಿಸುತ್ತಾರೆ. ಕಂಪ್ಯೂಟರಿನಲ್ಲೂ ಇದೇ ಕ್ರಮ.

ಬೋನಿನೊಳಗೆ ಏನಾಗುತ್ತದೆ?

ಕಂಪ್ಯೂಟರ್ ವೈರಸ್ ಜೀವಿಯಲ್ಲ, ಮನುಷ್ಯರು ಬರೆದ ಒಂದು ಪ್ರೋಗ್ರಾಂ. ಅದು ಚಾಲನೆಗೊಂಡರೆ ಮಾತ್ರ ಹಾನಿ. ಆಂಟಿವೈರಸ್ ತಂತ್ರಾಂಶವು ಅನುಮಾನದ ಕಡತವನ್ನು ಅದರ ಜಾಗದಿಂದ ಎತ್ತಿ ತನ್ನದೇ ಪ್ರತ್ಯೇಕ ಫೋಲ್ಡರಿನಲ್ಲಿ ಇಡುತ್ತದೆ. ಒಳಗಿನ ಮಾಹಿತಿಯನ್ನು ಗುಪ್ತಲಿಪಿಗೆ ಬದಲಾಯಿಸುವುದರಿಂದ ಅದು ಚಾಲನೆಗೊಳ್ಳಲಾರದು. ಮೊದಲು ಅದು ಎಲ್ಲಿತ್ತು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ. ಹೀಗಾಗಿ ಬೋನಿನೊಳಗೆ ಇರುವಷ್ಟು ಕಾಲ ಅದು ಹರಡದು. ಗಾಬರಿಯಾಗಬೇಕಿಲ್ಲ.

ಕಾವಲುಗಾರನೂ ತಪ್ಪಬಹುದು!

2010ರ ಏಪ್ರಿಲ್ 21ರಂದು ಮ್ಯಾಕಫಿ ಎಂಬ ಆಂಟಿವೈರಸ್ಸಿಗೆ ಹೊಸ ವೈರಸ್ ಪಟ್ಟಿ ಬಂತು. ಅದರಲ್ಲಿ ಒಂದು ದೋಷವಿತ್ತು. ವಿಂಡೋಸ್ ಎಕ್ಸ್‌ಪಿ ಕೆಲಸ ಮಾಡಲು ಬೇಕೇ ಬೇಕಾದ ‘ಎಸ್‌ವಿಸಿಹೋಸ್ಟ್’ ಎಂಬ ಕಡತವನ್ನೇ ಅದು ವೈರಸ್ ಎಂದು ಭಾವಿಸಿತು. ಹಲವು ದೇಶಗಳಲ್ಲಿ ಸಾವಿರಾರು ಕಂಪ್ಯೂಟರುಗಳು ಮತ್ತೆ ಮತ್ತೆ ಆಫ್ ಆಗಿ ಆನ್ ಆಗತೊಡಗಿದವು, ಜಾಲದ ಸಂಪರ್ಕ ಕಳೆದುಕೊಂಡವು. ಪಟ್ಟಿಯನ್ನು ಸರಿಪಡಿಸಿ, ಆ ಕಡತವನ್ನು ಮೊದಲಿನ ಜಾಗಕ್ಕೆ ಸೇರಿಸಿದ ಮೇಲೆಯೇ ಅವು ಸರಿಯಾದದ್ದು. ಕಳ್ಳನೆಂದು ಹಿಡಿದವನು ಮನೆಯವನೇ ಆಗಿದ್ದ! ಹಿಡಿದದ್ದನ್ನೆಲ್ಲ ಕೂಡಲೇ ಅಳಿಸಬಾರದು ಎನ್ನುವುದು ಇದಕ್ಕೇ.

ತೀರ್ಮಾನ ಹೇಗೆ?

ನಮ್ಮ ಮುಂದೆ ಮೂರು ದಾರಿಗಳಿವೆ: ಅಳಿಸುವುದು, ಅಲ್ಲೇ ಬಿಡುವುದು, ಹಿಂದಕ್ಕೆ ತರುವುದು.

1. ಪೆನ್‌ಡ್ರೈವ್‌ನ ‘ಶಾರ್ಟ್‌ಕಟ್ ವೈರಸ್’ ಸಿಕ್ಕಿದರೆ ಅಳಿಸಬಹುದು. ಇದು ನಿಮ್ಮ ಫೋಲ್ಡರುಗಳನ್ನು ಅಡಗಿಸಿ, ಅವುಗಳ ಹೆಸರಿನ ನಕಲಿ ಶಾರ್ಟ್‌ಕಟ್ ಇಡುತ್ತದೆ. ನಕಲಿ ಹೋದರೂ ಅಸಲು ಸಾಮಾನ್ಯವಾಗಿ ಪೆನ್‌ಡ್ರೈವ್‌ನಲ್ಲೇ ಅಡಗಿರುತ್ತದೆ. ಅದನ್ನು ಕಾಣುವಂತೆ ಮಾಡಲು ಶಿಕ್ಷಕರ ನೆರವು ಪಡೆಯಿರಿ. ‘ಎಲ್ಲವೂ ಹೋಯಿತು’ ಎಂದು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಮಾತ್ರ ನಿಜವಾಗಿ ಕಳೆದುಕೊಳ್ಳುತ್ತೀರಿ.

2. ನೀವು ಬರೆದ ಪ್ರಬಂಧವೇ ಸಿಕ್ಕಿಬಿದ್ದರೆ ಅಳಿಸಬೇಡಿ. ಆರೋಗ್ಯವಾಗಿದ್ದ ಕಡತಕ್ಕೆ ವೈರಸ್ ಅಂಟಿಕೊಂಡಿರಬಹುದು. ಬೇರೆ ಪ್ರತಿ ಇದೆಯೇ ನೋಡಿ. ಇಲ್ಲದಿದ್ದರೆ ಶಿಕ್ಷಕರಿಗೆ ತಿಳಿಸಿ. ವೈರಸ್ಸನ್ನು ಮಾತ್ರ ತೆಗೆದು ಕಡತವನ್ನು ಉಳಿಸಲು ಕೆಲವೊಮ್ಮೆ ಸಾಧ್ಯ. ಕೆಲವು ಆಂಟಿವೈರಸ್‌ಗಳು ನಿಗದಿತ ದಿನಗಳ ನಂತರ ಬೋನನ್ನು ತಾವೇ ಖಾಲಿ ಮಾಡುತ್ತವೆ. ಆದ್ದರಿಂದ ಅಂದೇ ಹೇಳಿ.

3. ಏನೆಂದೇ ತಿಳಿಯದ ಕಡತವಾದರೆ ಅಲ್ಲೇ ಇರಲಿ. ಆಂಟಿವೈರಸ್ಸನ್ನು ಅಪ್‌ಡೇಟ್ ಮಾಡಿ ಮತ್ತೆ ಪರೀಕ್ಷಿಸಬೇಕು. ಕೆಲವು ದಿನ ಎಲ್ಲ ಕೆಲಸಗಳೂ ಸರಿಯಾಗಿ ನಡೆದರೆ, ಆ ಕಡತವನ್ನು ಯಾರೂ ಕೇಳದಿದ್ದರೆ, ಅಳಿಸಬಹುದು.

ಆಟ ತೆರೆಯಲಿಲ್ಲವೆಂದು ಸಿಕ್ಕಿಬಿದ್ದ ಕಡತವನ್ನು ನೀವಾಗಿಯೇ ಹಿಂದಕ್ಕೆ ತರಬೇಡಿ. ಬೋನಿನ ಬಾಗಿಲು ತೆರೆದರೆ ಹುಲಿ ಹೊರಗೆ ಬಂದಂತೆಯೇ.

ನೀವೂ ಮಾಡಿ

ಶಾಲೆಯ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಡಿ. ದಿನಾಂಕ, ಸಿಕ್ಕಿಬಿದ್ದ ಕಡತದ ಹೆಸರು, ಅದು ಎಲ್ಲಿಂದ ಬಂತು, ಕೈಗೊಂಡ ತೀರ್ಮಾನ ಎಂದು ನಾಲ್ಕು ಅಂಕಣ ಹಾಕಿ. ಮೂರು ತಿಂಗಳ ನಂತರ ಮೂರನೆಯ ಅಂಕಣವನ್ನು ಓದಿ. ವೈರಸ್ ನಿಮ್ಮ ಶಾಲೆಗೆ ಯಾವ ಬಾಗಿಲಿನಿಂದ ಬರುತ್ತಿದೆ ಎಂದು ಅದೇ ಹೇಳುತ್ತದೆ.