ಭಾರತದಲ್ಲಿ ಸರಕು ವಾಹನಗಳ ತೂಕದ ವರ್ಗೀಕರಣ ಮತ್ತು ಚಾಲನಾ ಪರವಾನಗಿ

ಭಾರತದಲ್ಲಿ ಸರಕು ಸಾಗಿಸುವ ವಾಹನಗಳನ್ನು ಅವುಗಳ ತೂಕಕ್ಕೆ ಅನುಗುಣವಾಗಿ ಲಘು, ಮಧ್ಯಮ ಮತ್ತು ಭಾರಿ ಎಂದು ವಿಂಗಡಿಸಲಾಗಿದೆ. ಮೋಟಾರು ವಾಹನ ಕಾಯ್ದೆ, 1988 ಈ ವಿಂಗಡಣೆಗೆ ಆಧಾರವಾಗಿದ್ದು, ಯಾವ ವಾಹನವನ್ನು ಯಾವ ಪರವಾನಗಿ ಹೊಂದಿರುವವರು ಓಡಿಸಬಹುದು ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ತೂಕದ ಲೆಕ್ಕ

ಕಾಯ್ದೆಯಲ್ಲಿ ಎರಡು ಬಗೆಯ ತೂಕಗಳಿವೆ. ಸರಕನ್ನಾಗಲಿ ಚಾಲಕನನ್ನಾಗಲಿ ಸೇರಿಸದೆ ವಾಹನವೊಂದರದೇ ತೂಕವು ಖಾಲಿ ತೂಕ. ವಾಹನ ಮತ್ತು ಅದರಲ್ಲಿ ಹೇರಲು ಅನುಮತಿ ಇರುವ ಗರಿಷ್ಠ ಹೊರೆ, ಇವೆರಡೂ ಸೇರಿ ಒಟ್ಟು ವಾಹನ ತೂಕ. ಎರಡನೆಯದು ತೂಕದ ಸೇತುವೆಯ ಮೇಲೆ ಆ ದಿನ ಕಾಣುವ ಸಂಖ್ಯೆಯಲ್ಲ. ನೋಂದಣಿ ಪ್ರಾಧಿಕಾರವು ಪ್ರಮಾಣೀಕರಿಸಿ ಆರ್‌ಸಿಯಲ್ಲಿ ನಮೂದಿಸಿದ ಮಿತಿ. ಆದ್ದರಿಂದ ಲಾರಿ ಖಾಲಿಯಾಗಿ ಮರಳುತ್ತಿದ್ದರೂ ಅದರ ವರ್ಗ ಬದಲಾಗುವುದಿಲ್ಲ.

ಒಟ್ಟು ತೂಕ 7,500 ಕಿ.ಗ್ರಾಂ ಮೀರದ ಸರಕು ವಾಹನವು ಲಘು ಮೋಟಾರು ವಾಹನವಾಗುತ್ತದೆ. 1994ರ ತಿದ್ದುಪಡಿಗೆ ಮೊದಲು ಈ ಮಿತಿ 6,000 ಕಿ.ಗ್ರಾಂ ಇತ್ತು. 12,000 ಕಿ.ಗ್ರಾಂ ಮೀರಿದ್ದು ಭಾರಿ ಸರಕು ವಾಹನ, ನಡುವಿನದು ಮಧ್ಯಮ. ಕಾರು, ಟ್ರ್ಯಾಕ್ಟರ್ ಮತ್ತು ರೋಡ್ ರೋಲರ್‌ಗಳಿಗೆ ಮಾತ್ರ ಅದೇ 7,500 ಕಿ.ಗ್ರಾಂ ಮಿತಿಯನ್ನು ಖಾಲಿ ತೂಕದ ಮೇಲೆ ಅಳೆಯಲಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದ ಆಗಾಗ ಗೊಂದಲ ಉಂಟಾಗುತ್ತದೆ.

ಅಚ್ಚಿನ ಮೇಲೆ ಬೀಳುವ ಭಾರಕ್ಕೂ ಪ್ರತ್ಯೇಕ ಮಿತಿಗಳಿವೆ. ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು 2018ರಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿಸಲಾಯಿತು. ಮಿತಿಮೀರಿ ಹೇರಿದರೆ, 2019ರ ತಿದ್ದುಪಡಿಯಂತೆ, 20,000 ರೂಪಾಯಿ ದಂಡದ ಜೊತೆಗೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ತೆರಬೇಕು. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಸಾಗುವಂತಿಲ್ಲ.

ಪರವಾನಗಿ

ಸಾರಿಗೆ ವಾಹನದ ಪರವಾನಗಿ ಪಡೆಯಲು ಕನಿಷ್ಠ 20 ವರ್ಷ ವಯಸ್ಸಾಗಿರಬೇಕು. ಕಲಿಕಾ ಪರವಾನಗಿಗೆ ಮುನ್ನ ಒಂದು ವರ್ಷವಾದರೂ ಲಘು ಮೋಟಾರು ವಾಹನದ ಪರವಾನಗಿ ಹೊಂದಿರಬೇಕು. ವೈದ್ಯಕೀಯ ಪ್ರಮಾಣಪತ್ರವೂ ಅಗತ್ಯ. ಹಿಂದೆ ಇದ್ದ ಎಂಟನೇ ತರಗತಿ ತೇರ್ಗಡೆಯ ಷರತ್ತನ್ನು 2019ರಲ್ಲಿ ಕೈಬಿಡಲಾಯಿತು. ಪರವಾನಗಿಯ ಅವಧಿ ಐದು ವರ್ಷ. ಅಪಾಯಕಾರಿ ಸರಕು ಸಾಗಿಸುವವರಿಗೆ ಮೂರು ವರ್ಷ ಮತ್ತು ವಿಶೇಷ ತರಬೇತಿ.

7,500 ಕಿ.ಗ್ರಾಂ ವಿವಾದ

1994ರ ತಿದ್ದುಪಡಿಯು ಮಧ್ಯಮ ಮತ್ತು ಭಾರಿ ವಾಹನಗಳ ನಾಲ್ಕು ಪರವಾನಗಿ ವರ್ಗಗಳನ್ನು ತೆಗೆದು, ಅವುಗಳ ಜಾಗದಲ್ಲಿ ‘ಸಾರಿಗೆ ವಾಹನ’ ಎಂಬ ಒಂದೇ ವರ್ಗವನ್ನಿಟ್ಟಿತು. ಟಾಟಾ ಏಸ್‌ನಂತಹ ಸಣ್ಣ ಸರಕು ವಾಹನವು ತೂಕದಿಂದ ಲಘು, ಬಳಕೆಯಿಂದ ಸಾರಿಗೆ ವಾಹನ. ಹಾಗಿದ್ದರೆ ಕಾರಿನ ಪರವಾನಗಿ ಇರುವವನು ಅದನ್ನು ಓಡಿಸಬಹುದೇ? ಚಾಲಕರು ಬ್ಯಾಡ್ಜ್ ಎಂದು ಕರೆಯುವ ಹೆಚ್ಚುವರಿ ಅನುಮತಿ ಬೇಕೆಂದು ಹಲವರು ಅರ್ಥೈಸಿದರು.

ಈ ಪ್ರಶ್ನೆ ಕೇವಲ ಶಬ್ದಾರ್ಥದ್ದಾಗಿರಲಿಲ್ಲ. ಅಪಘಾತದ ಪರಿಹಾರ ಪ್ರಕರಣಗಳಲ್ಲಿ, ಚಾಲಕನಿಗೆ ಸೂಕ್ತ ಪರವಾನಗಿ ಇರಲಿಲ್ಲವೆಂದು ವಿಮಾ ಕಂಪನಿಗಳು ಹೊಣೆಯಿಂದ ಬಿಡುಗಡೆ ಕೋರುತ್ತಿದ್ದವು. ಆ ವಾದ ಗೆದ್ದರೆ ಪರಿಹಾರದ ಭಾರ ಒಂದೆರಡು ವಾಹನಗಳ ಮಾಲೀಕನ ಮೇಲೆ ಬೀಳುತ್ತಿತ್ತು. ಅವನಿಗೆ ಶಕ್ತಿಯಿಲ್ಲದಿದ್ದರೆ ಗಾಯಾಳುವಿಗೆ ಅಥವಾ ಮೃತನ ಕುಟುಂಬಕ್ಕೆ ಹಣ ದೊರೆಯುವುದೇ ಅನುಮಾನ. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು, ಕಂಪನಿಯು ಮೊದಲು ಪಾವತಿಸಿ ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಿದ್ದುಂಟು.

ಪ್ರತ್ಯೇಕ ಅನುಮತಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2017ರ ಜುಲೈ 3ರಂದು ತೀರ್ಪಿತ್ತಿತು. ಕಾಯ್ದೆಯ ಕೆಲವು ವಿಧಿಗಳನ್ನು ಆ ತೀರ್ಪು ಪರಿಗಣಿಸಿಲ್ಲವೆಂಬ ಆಕ್ಷೇಪದಿಂದ ವಿಷಯವು 2022ರಲ್ಲಿ ವಿಸ್ತೃತ ಪೀಠದ ಮುಂದೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ನೇತೃತ್ವದ ಐವರ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಹಿಂದಿನ ನಿಲುವನ್ನೇ ಎತ್ತಿಹಿಡಿಯಿತು. ಇಂತಹ ಚಾಲಕರಿಂದಲೇ ಅಪಘಾತಗಳು ಹೆಚ್ಚಿವೆ ಎನ್ನಲು ಅಂಕಿಅಂಶಗಳ ಆಧಾರವನ್ನು ತನ್ನ ಮುಂದೆ ಇಟ್ಟಿಲ್ಲವೆಂದು ತೀರ್ಪು ಗುರುತಿಸಿತು. ಅದನ್ನು ನ್ಯಾಯಮೂರ್ತಿ ಹೃಷಿಕೇಶ್ ರಾಯ್ ಬರೆದರು.

ಅದರಂತೆ, ಆರ್‌ಸಿಯಲ್ಲಿ 7,490 ಕಿ.ಗ್ರಾಂ ಎಂದಿರುವ ಲಾರಿಗೆ ಲಘು ಮೋಟಾರು ವಾಹನದ ಪರವಾನಗಿಯೇ ಸಾಕು. 7,500 ಕಿ.ಗ್ರಾಂ ದಾಟಿದ ವಾಹನಗಳಿಗೆ ಸಾರಿಗೆ ಪರವಾನಗಿಯ ಎಲ್ಲ ಷರತ್ತುಗಳೂ ಅನ್ವಯಿಸುತ್ತವೆ. ಇ-ರಿಕ್ಷಾ, ಇ-ಕಾರ್ಟ್ ಹಾಗೂ ಅಪಾಯಕಾರಿ ಸರಕಿನ ವಾಹನಗಳ ವಿಶೇಷ ನಿಯಮಗಳನ್ನು ಈ ತೀರ್ಪು ಬದಲಿಸಿಲ್ಲ.