ಸೇನಾ ಮಾದರಿಗಳ ರೈಲು ಹಳಿ

'''ಸೇನಾ ಮಾದರಿಗಳ ರೈಲು ಹಳಿ''' ಎಂದರೆ ಯುದ್ಧ ಟ್ಯಾಂಕ್, ಫಿರಂಗಿ, ಸೇನಾ ವಾಹನ ಮುಂತಾದವುಗಳ ಕಿರುಮಾದರಿಗಳೊಂದಿಗೆ ಪ್ರದರ್ಶಿಸಲು, ಅದೇ ಪ್ರಮಾಣಕ್ಕೆ ಇಳಿಸಿ ತಯಾರಿಸಿದ ರೈಲು ಮಾರ್ಗದ ಪ್ರತಿರೂಪ. ಆಟಿಕೆ ರೈಲಿನ ಹಳಿಯ ಮೇಲೆ ಗಾಡಿ ಓಡಬೇಕಾಗುತ್ತದೆ. ಇಲ್ಲಿ ಓಡಾಟಕ್ಕಿಂತ ನೋಟದ ನಿಖರತೆ ಮುಖ್ಯ. ಮಾದರಿ ರೈಲುಗಳ ಪ್ರಮಾಣಗಳಿಗೂ ಸೇನಾ ಮಾದರಿಗಳ ಪ್ರಮಾಣಗಳಿಗೂ ಹೊಂದಾಣಿಕೆ ಇಲ್ಲದಿರುವುದರಿಂದ ಸರಿಯಾದ ಅಳತೆಯ ಹಳಿ ಸಿದ್ಧರೂಪದಲ್ಲಿ ಸಿಗುವುದು ವಿರಳ. ಭಾರತದ ದೃಶ್ಯಗಳನ್ನು ನಿರ್ಮಿಸುವವರಿಗೆ ಬ್ರಾಡ್ ಗೇಜ್ ಮತ್ತು ಮೀಟರ್ ಗೇಜ್‌ಗಳ ಕಾರಣದಿಂದ ಈ ಸಮಸ್ಯೆ ಇನ್ನಷ್ಟು ಜಟಿಲವಾಗಿದೆ.

== ಪ್ರಮಾಣ ಮತ್ತು ಗೇಜ್ ==

ಪ್ರಮಾಣ ಎಂದರೆ ಮೂಲ ವಸ್ತುವಿಗೂ ಮಾದರಿಗೂ ಇರುವ ಅನುಪಾತ. ಸೇನಾ ಮಾದರಿಗಳಲ್ಲಿ 1/35, 1/48, 1/72 ಮತ್ತು 1/76 ಹೆಚ್ಚು ಬಳಕೆಯಲ್ಲಿವೆ. ಮಾದರಿ ರೈಲುಗಳಲ್ಲಿ 1/87 ಪ್ರಮಾಣವು ಜಗತ್ತಿನಲ್ಲೇ ಅತ್ಯಂತ ಜನಪ್ರಿಯವಾದುದು. ಗೇಜ್ ಎಂದರೆ ಎರಡು ಕಂಬಿಗಳ ಒಳ ಅಂಚುಗಳ ನಡುವಿನ ಅಂತರ. ಕಂಬಿಗಳ ಮಧ್ಯರೇಖೆಯಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಮಾದರಿಯ ಗೇಜ್ ಕಂಡುಹಿಡಿಯಲು ಮೂಲ ಗೇಜನ್ನು ಪ್ರಮಾಣದ ಸಂಖ್ಯೆಯಿಂದ ಭಾಗಿಸಬೇಕು. ಭಾರತೀಯ ಬ್ರಾಡ್ ಗೇಜ್ 1676 ಮಿ.ಮೀ. ಇರುವುದರಿಂದ 1/35 ಪ್ರಮಾಣದಲ್ಲಿ ಅದು 47.9 ಮಿ.ಮೀ. ಆಗುತ್ತದೆ. ವಿವಿಧ ಗೇಜ್‌ಗಳ ಅಳತೆಗಳು (ಮಿ.ಮೀ.ಗಳಲ್ಲಿ) ಹೀಗಿವೆ:

| ಗೇಜ್ | ಮೂಲ ಅಳತೆ | 1/35 | 1/48 | 1/72 | 1/76 | 1/87 |
|---|---|---|---|---|---|---|
| ಬ್ರಾಡ್ ಗೇಜ್ | 1676 | 47.9 | 34.9 | 23.3 | 22.1 | 19.3 |
| ಸ್ಟ್ಯಾಂಡರ್ಡ್ ಗೇಜ್ | 1435 | 41.0 | 29.9 | 19.9 | 18.9 | 16.5 |
| ಮೀಟರ್ ಗೇಜ್ | 1000 | 28.6 | 20.8 | 13.9 | 13.2 | 11.5 |
| ನ್ಯಾರೋ ಗೇಜ್ | 762 | 21.8 | 15.9 | 10.6 | 10.0 | 8.8 |

== ಸಿದ್ಧ ಹಳಿಗಳು ==

ಮಾರುಕಟ್ಟೆಯಲ್ಲಿ ಸಿಗುವ ಮಾದರಿ ರೈಲಿನ ಹಳಿಗಳು ಬಹುತೇಕ 9, 12, 16.5, 32 ಮತ್ತು 45 ಮಿ.ಮೀ. ಗೇಜ್‌ಗಳಲ್ಲಿವೆ. ಇವುಗಳಲ್ಲಿ 16.5 ಮಿ.ಮೀ. ಹಳಿ 1/87 ಪ್ರಮಾಣದ ಸ್ಟ್ಯಾಂಡರ್ಡ್ ಗೇಜ್‌ಗೆ ಸರಿಹೊಂದುತ್ತದೆ. ಅದೇ ಹಳಿಯನ್ನು 1/72 ಪ್ರಮಾಣದ ಟ್ಯಾಂಕಿನ ಪಕ್ಕದಲ್ಲಿಟ್ಟರೆ ಅದು 1188 ಮಿ.ಮೀ. ಅಗಲದ ಮಾರ್ಗವನ್ನು ಸೂಚಿಸುತ್ತದೆ. ಇದು ಸ್ಟ್ಯಾಂಡರ್ಡ್ ಗೇಜೂ ಅಲ್ಲ, ಮೀಟರ್ ಗೇಜೂ ಅಲ್ಲ. 45 ಮಿ.ಮೀ. ಹಳಿಯು 1/35 ಪ್ರಮಾಣದಲ್ಲಿ 1575 ಮಿ.ಮೀ.ಗೆ ಸಮನಾಗಿ, ಭಾರತೀಯ ಬ್ರಾಡ್ ಗೇಜ್‌ಗೆ ಸುಮಾರು 3 ಮಿ.ಮೀ. ಕಡಿಮೆ ಬೀಳುತ್ತದೆ. ದೂರದಿಂದ ನೋಡುವವರಿಗೆ ಇದು ಗೋಚರಿಸದಿದ್ದರೂ ಬ್ರಾಡ್ ಗೇಜ್‌ಗಾಗಿಯೇ ಸರಿಯಾಗಿ ಕಟ್ಟಿದ ವ್ಯಾಗನ್ನಿನ ಚಕ್ರಗಳು ಅದರ ಮೇಲೆ ಕೂರುವುದಿಲ್ಲ.

ಕಂಬಿಯ ಎತ್ತರವೂ ಗಮನಾರ್ಹ. ಮಾದರಿ ಕಂಬಿಗಳ ಎತ್ತರವನ್ನು 'ಕೋಡ್' ಸಂಖ್ಯೆಯಿಂದ ಗುರುತಿಸುತ್ತಾರೆ. ಅದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. ಅದರಂತೆ ಕೋಡ್ 100 ಎಂದರೆ 2.54 ಮಿ.ಮೀ., ಕೋಡ್ 83 ಎಂದರೆ 2.1 ಮಿ.ಮೀ. ಭಾರತದ 52 ಕೆ.ಜಿ. ಕಂಬಿಯ ಎತ್ತರ 156 ಮಿ.ಮೀ. ಇದ್ದು, 1/72ರಲ್ಲಿ 2.2 ಮಿ.ಮೀ. ಮತ್ತು 1/35ರಲ್ಲಿ 4.5 ಮಿ.ಮೀ. ಆಗುತ್ತದೆ. ಉದ್ಯಾನ ರೈಲುಗಳ 45 ಮಿ.ಮೀ. ಹಳಿಗೆ ಸಾಮಾನ್ಯವಾಗಿ ಬಳಸುವ ಕೋಡ್ 332 ಕಂಬಿಯ ಎತ್ತರ 8.4 ಮಿ.ಮೀ. ಇರುವುದರಿಂದ 1/35 ದೃಶ್ಯದಲ್ಲಿ ಅದು ಅಸಹಜವಾಗಿ ಎದ್ದು ಕಾಣುತ್ತದೆ.

ಕೆಲವು ಸೇನಾ ಮಾದರಿ ತಯಾರಕರು ರೈಲು ಫಿರಂಗಿಗಳ ಕಿಟ್‌ಗಳನ್ನು ಹೊರತಂದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಬಳಸಿದ 280 ಮಿ.ಮೀ. 'ಲಿಯೋಪೋಲ್ಡ್' ಫಿರಂಗಿಯ ಕಿಟ್‌ಗಳು ಹಸೆಗಾವಾ ಸಂಸ್ಥೆಯಿಂದ 1/72ರಲ್ಲಿಯೂ, ಡ್ರ್ಯಾಗನ್ ಮತ್ತು ಟ್ರಂಪೆಟರ್ ಸಂಸ್ಥೆಗಳಿಂದ 1/35ರಲ್ಲಿಯೂ ಬಂದಿವೆ. ಈ ಫಿರಂಗಿ ಓಡುತ್ತಿದ್ದದ್ದು ಯುರೋಪಿನ ಸ್ಟ್ಯಾಂಡರ್ಡ್ ಗೇಜ್ ಮೇಲೆ. ಹೀಗಾಗಿ ಆ ಅಳತೆಯ ಹಳಿಯನ್ನು ಬದಲಾವಣೆ ಇಲ್ಲದೆ ಭಾರತೀಯ ದೃಶ್ಯಕ್ಕೆ ಬಳಸಲಾಗದು. ಆದರೆ ಸ್ಲೀಪರ್‌ಗಳಿಂದ ಬೇರ್ಪಟ್ಟ ಕಂಬಿಗಳನ್ನು ಹೊಸ ಸ್ಲೀಪರ್‌ಗಳ ಮೇಲೆ ಬೇಕಾದ ಅಂತರದಲ್ಲಿ ಜೋಡಿಸಿಕೊಳ್ಳಬಹುದು.

== ಕೈಯಿಂದ ನಿರ್ಮಾಣ ==

=== ಸ್ಲೀಪರ್‌ಗಳು ===

ಬ್ರಾಡ್ ಗೇಜ್‌ನ ಮರದ ಸ್ಲೀಪರ್ 2743 ಮಿ.ಮೀ. ಉದ್ದ, 254 ಮಿ.ಮೀ. ಅಗಲ, 127 ಮಿ.ಮೀ. ದಪ್ಪ ಇರುತ್ತಿತ್ತು. 1/35ರಲ್ಲಿ ಇದು ಸುಮಾರು 78 × 7.3 × 3.6 ಮಿ.ಮೀ. ಆಗುತ್ತದೆ. ಮೀಟರ್ ಗೇಜ್‌ನ ಸ್ಲೀಪರ್ 1829 × 203 × 114 ಮಿ.ಮೀ. ಅಳತೆಯದು, 1/35ರಲ್ಲಿ ಸುಮಾರು 52 × 5.8 × 3.3 ಮಿ.ಮೀ. ಒಂದು ಕಿಲೋಮೀಟರಿಗೆ 1540 ಸ್ಲೀಪರ್‌ಗಳ ಲೆಕ್ಕದಲ್ಲಿ ಹಾಸಿದ ಮಾರ್ಗದಲ್ಲಿ ಅವುಗಳ ನಡುಬಿಂದುಗಳ ಅಂತರ ಸುಮಾರು 650 ಮಿ.ಮೀ., ಅಂದರೆ 1/35ರಲ್ಲಿ 18.6 ಮಿ.ಮೀ. ಆಗುತ್ತದೆ.

ಎಳೆ ಸಣ್ಣದಾಗಿರುವ ಹಗುರ ಮರದ ಪಟ್ಟಿಗಳು ಸ್ಲೀಪರ್‌ಗಳಿಗೆ ಸೂಕ್ತ. ಐಸ್‌ಕ್ರೀಮ್ ಕಡ್ಡಿಗಳನ್ನು ಎರಡು ಪದರವಾಗಿ ಅಂಟಿಸಿ ಅಳತೆಗೆ ಕತ್ತರಿಸಿಯೂ ಬಳಸಬಹುದು. ಎಲ್ಲ ಸ್ಲೀಪರ್‌ಗಳೂ ಒಂದೇ ಉದ್ದ ಬರಲು ತಡೆ ಇರುವ ಕತ್ತರಿಸುವ ಅಚ್ಚನ್ನು ಮೊದಲು ಮಾಡಿಕೊಳ್ಳುವುದು ವಾಡಿಕೆ.

=== ಕಂಬಿಗಳು ===

ಭಾರತದ ಕಂಬಿಗಳು ಚಪ್ಪಟೆ ಪಾದದವು. ಪಾದ, ನಡುಗೋಡೆ ಮತ್ತು ತಲೆ ಎಂಬ ಮೂರು ಭಾಗಗಳನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಜೋಡಿಸಿ 1/35ರ ಕಂಬಿಯನ್ನು ಕಟ್ಟಬಹುದು. 52 ಕೆ.ಜಿ. ಕಂಬಿಗೆ ಪಾದ 3.9 ಮಿ.ಮೀ., ತಲೆ 1.9 ಮಿ.ಮೀ. ಅಗಲ ಬೇಕು. ಮೀಟರ್ ಗೇಜ್‌ನಲ್ಲಿ ಬಳಕೆಯಲ್ಲಿದ್ದ ಗಜಕ್ಕೆ 60 ಪೌಂಡ್ ತೂಕದ ಕಂಬಿಯ ಎತ್ತರ 114 ಮಿ.ಮೀ.; 1/35ರಲ್ಲಿ ಸುಮಾರು 3.3 ಮಿ.ಮೀ. ಇದಕ್ಕೆ ಕೋಡ್ 125ರ ಲೋಹದ ಕಂಬಿ ಹತ್ತಿರ ಬರುತ್ತದೆ.

=== ಜೋಡಣೆ ===

# ಮಾರ್ಗದ ಮಧ್ಯರೇಖೆ, ಸ್ಲೀಪರ್‌ಗಳ ಸ್ಥಾನ ಮತ್ತು ಕಂಬಿಗಳ ಒಳ ಅಂಚುಗಳನ್ನು ಕಾಗದದ ಮೇಲೆ ಗುರುತಿಸಲಾಗುತ್ತದೆ.
# ಸ್ಲೀಪರ್‌ಗಳನ್ನು ಗುರುತಿನಂತೆ ಅಂಟಿಸಿ, ಮೇಲ್ಮೈಯನ್ನು ಮರಳು ಕಾಗದದಿಂದ ಸಮತಟ್ಟು ಮಾಡಲಾಗುತ್ತದೆ.
# ಮೊದಲ ಕಂಬಿಯನ್ನು ನೇರವಾಗಿ ಅಂಟಿಸಿ ಒಣಗಲು ಬಿಡಲಾಗುತ್ತದೆ.
# ಗೇಜ್‌ನಷ್ಟೇ ಅಗಲದ ಗಟ್ಟಿ ಪಟ್ಟಿಯೊಂದನ್ನು ಒಳಬದಿಗೆ ಇಟ್ಟು ಎರಡನೇ ಕಂಬಿಯನ್ನು ಕೂರಿಸಲಾಗುತ್ತದೆ. ವ್ಯಾಗನ್ ಇರುವುದಾದರೆ ಅಂಟು ಒಣಗುವ ಮೊದಲೇ ಅದರ ಚಕ್ರಗಳನ್ನಿಟ್ಟು ಪರೀಕ್ಷಿಸುವುದು ಉತ್ತಮ.
# ಮೊಳೆ, ಫಿಷ್‌ಪ್ಲೇಟ್ ಮೊದಲಾದ ಸಣ್ಣ ಭಾಗಗಳನ್ನು ಕೊನೆಯಲ್ಲಿ ಸೇರಿಸಲಾಗುತ್ತದೆ. ಬ್ರಾಡ್ ಗೇಜ್‌ನ ಒಂದು ಕಂಬಿಯ ರೂಢಿಯ ಉದ್ದ 13 ಮೀ. ಆದ್ದರಿಂದ 1/35ರಲ್ಲಿ ಸುಮಾರು 371 ಮಿ.ಮೀ.ಗೆ ಒಂದು ಜೋಡಣೆ ಬರುತ್ತದೆ.

=== ಜಲ್ಲಿ ಮತ್ತು ಬಣ್ಣ ===

ಮಾರ್ಗದ ಜಲ್ಲಿ ಸುಮಾರು 50 ಮಿ.ಮೀ. ಗಾತ್ರದ್ದೆಂದು ಹಿಡಿದರೆ 1/35ರಲ್ಲಿ ಅದು 1.4 ಮಿ.ಮೀ., 1/72ರಲ್ಲಿ 0.7 ಮಿ.ಮೀ. ಆಗುತ್ತದೆ. ಎರಡು ಜರಡಿಗಳಲ್ಲಿ ಸೋಸಿ, ತೀರ ದಪ್ಪ ಮತ್ತು ತೀರ ಸಣ್ಣ ಕಣಗಳನ್ನು ತೆಗೆದ ಕಲ್ಲುಪುಡಿ ಇದಕ್ಕೆ ತಕ್ಕುದು. ಹೊಳೆಯ ಮರಳಿನ ಕಣಗಳು ದುಂಡಗಿರುತ್ತವೆ, ಒಡೆದ ಜಲ್ಲಿಯ ಅಂಚುಗಳು ಚೂಪಾಗಿರುತ್ತವೆ. ಆದ್ದರಿಂದ ಕಲ್ಲುಪುಡಿಯೇ ಹೆಚ್ಚು ಸಹಜವಾಗಿ ಕಾಣುತ್ತದೆ. ಪುಡಿಯನ್ನು ಹರಡಿ, ನೀರು ಬೆರೆಸಿದ ಬಿಳಿ ಅಂಟನ್ನು ಹನಿಹನಿಯಾಗಿ ಬಿಡಲಾಗುತ್ತದೆ.

ರೈಲು ಓಡಾಡುವ ಮಾರ್ಗದಲ್ಲಿ ಕಂಬಿಯ ಬದಿಗಳು ತುಕ್ಕಿನ ಕಂದು ಬಣ್ಣದಲ್ಲಿದ್ದು ತಲೆಯ ಭಾಗ ಮಾತ್ರ ಹೊಳೆಯುತ್ತದೆ. ಪಾಳುಬಿದ್ದ ಮಾರ್ಗದಲ್ಲಿ ತಲೆಯೂ ತುಕ್ಕು ಹಿಡಿದಿರುತ್ತದೆ. ಹಳೆಯ ಮರದ ಸ್ಲೀಪರ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ.

== ಕಾಲ ಮತ್ತು ಸ್ಥಳದ ನಿಖರತೆ: ಕೊಪ್ಪಳದ ಉದಾಹರಣೆ ==

ಯಾವ ಗೇಜ್ ಬೇಕೆಂಬುದನ್ನು ದೃಶ್ಯದ ಸ್ಥಳ ಮತ್ತು ಕಾಲ ನಿರ್ಧರಿಸುತ್ತವೆ. ಕೊಪ್ಪಳದ ಮೂಲಕ ಹಾದುಹೋಗುವ ಗದಗ–ಹೊಸಪೇಟೆ ಮಾರ್ಗವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್ ಗೇಜ್‌ನಲ್ಲಿ ನಿರ್ಮಿಸಿತು. 1908ರಿಂದ ಅದು ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯ ಭಾಗವಾಯಿತು. 1990ರ ದಶಕದಲ್ಲಿ ಬ್ರಾಡ್ ಗೇಜ್‌ಗೆ ಪರಿವರ್ತನೆಗೊಂಡಿತು. ಗಂಗಾವತಿಯನ್ನು ಮುಟ್ಟುವ ಗಿಣಿಗೇರಾ–ರಾಯಚೂರು ಮಾರ್ಗ ಹಾಗೂ ಯಲಬುರ್ಗಾ, ಕುಷ್ಟಗಿಗಳ ಕಡೆ ಸಾಗುವ ಗದಗ–ವಾಡಿ ಮಾರ್ಗಗಳು 21ನೇ ಶತಮಾನದವು. ಅವು ಮೊದಲಿನಿಂದಲೂ ಬ್ರಾಡ್ ಗೇಜ್‌ನವೇ.

1948ರ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನದಲ್ಲಿ 'ಪೋಲೋ ಕಾರ್ಯಾಚರಣೆ' ನಡೆಸಿದಾಗ ಕೊಪ್ಪಳ ಆ ಸಂಸ್ಥಾನದೊಳಗಿತ್ತು. ಆ ದಿನಗಳ ಕೊಪ್ಪಳ ಅಥವಾ ಮುನಿರಾಬಾದ್ ನಿಲ್ದಾಣದ ದೃಶ್ಯವನ್ನು 1/35ರಲ್ಲಿ ಕಟ್ಟುವವರು 28.6 ಮಿ.ಮೀ. ಗೇಜ್ ಬಳಸಬೇಕು. ಸೇನೆಯ ಮುಖ್ಯ ಪಡೆ ಹೊರಟ ಸೋಲಾಪುರದ ಕಡೆಯ ದೃಶ್ಯಕ್ಕೆ 47.9 ಮಿ.ಮೀ. ಬೇಕು, ಸೋಲಾಪುರ–ವಾಡಿ ಮಾರ್ಗ ಬ್ರಾಡ್ ಗೇಜ್ ಆಗಿತ್ತು. ಒಂದೇ ಕಾರ್ಯಾಚರಣೆಯ ಎರಡು ದೃಶ್ಯಗಳಿಗೆ ಎರಡು ಬಗೆಯ ಹಳಿ ಅಗತ್ಯವಾಗುವುದು ಹೀಗೆ. ಭಾರತದಲ್ಲಿ ಕಾಂಕ್ರೀಟ್ ಸ್ಲೀಪರ್‌ಗಳು ವ್ಯಾಪಕವಾದದ್ದು ಇದಕ್ಕೆ ದಶಕಗಳ ನಂತರ. ಆದ್ದರಿಂದ 1948ರ ದೃಶ್ಯದಲ್ಲಿ ಮರ, ಉಕ್ಕು ಅಥವಾ ಬೀಡುಕಬ್ಬಿಣದ ಸ್ಲೀಪರ್‌ಗಳೇ ಇರಬೇಕು. ಇಂದಿನ ಕೊಪ್ಪಳ ನಿಲ್ದಾಣದ ಛಾಯಾಚಿತ್ರವನ್ನು ಮಾತ್ರ ನೋಡಿ ಕಟ್ಟಿದ ಮಾದರಿಯಲ್ಲಿ ಗೇಜ್ ಮತ್ತು ಸ್ಲೀಪರ್ ಎರಡೂ ತಪ್ಪಾಗುತ್ತವೆ.

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆಗಳನ್ನು ಕಡೆಯುವುದರಲ್ಲಿ ಹೆಸರಾದವರು. ಮರದ ಹೊಟ್ಟು, ಸೆಣಬಿನ ಪುಡಿ ಮತ್ತು ಹುಣಸೆ ಬೀಜದ ಅಂಟಿನಿಂದ ಅವರು ಮಾಡುವ 'ಕಿಟ್ಟ' ಎಂಬ ಮಿಶ್ರಣ ಬೊಂಬೆಗಳ ಮೈ ತುಂಬಲು ಬಳಕೆಯಾಗುತ್ತದೆ. ಡಯೊರಾಮಾಗಳಲ್ಲಿ ನೆಲ ಮತ್ತು ಏರಿಗಳನ್ನು ರೂಪಿಸಲು ಬಳಸುವ ಹೊಟ್ಟು–ಅಂಟಿನ ಮಿಶ್ರಣವೂ ಇದೇ ತತ್ವದ್ದು.

== ಅಳತೆ ಸಂಗ್ರಹ ಮತ್ತು ಕಾನೂನು ==

1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ಮತ್ತು ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಗಾಡಿಗಳನ್ನು ಹಳಿಗಳ ಸಮೇತ ಹತ್ತಿರದಿಂದ ನೋಡಬಹುದು. ಬಳಕೆಯಲ್ಲಿರುವ ಮಾರ್ಗಕ್ಕೆ ಇಳಿದು ಅಳೆಯುವುದು ಅಪಾಯಕಾರಿ. ರೈಲ್ವೆ ಕಾಯ್ದೆ, 1989ರ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧವೂ ಹೌದು. ಮಾದರಿಗೆಂದು ಮಾರ್ಗದಿಂದ ಮೊಳೆ, ಕ್ಲಿಪ್ ಮುಂತಾದವನ್ನು ಒಯ್ಯುವುದು ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆ, 1966ರ ವ್ಯಾಪ್ತಿಗೆ ಬರುತ್ತದೆ.

== ಇವನ್ನೂ ನೋಡಿ ==

* ಮೀಟರ್ ಗೇಜ್
* ಕಿನ್ನಾಳ ಕಲೆ
* ನೈಋತ್ಯ ರೈಲ್ವೆ
* ಹೈದರಾಬಾದ್ ಸಂಸ್ಥಾನ