ರಾತ್ರಿ ಪಾಳಿಯ ಗಿಟಾರ್

ಜನವರಿಯ ಶಿಕಾಗೊ, ರಾತ್ರಿ ಎಂಟೂವರೆ. ರಸ್ತೆಯಂಚಿಗೆ ತಳ್ಳಿದ ಹಿಮ ಹಗಲೆಲ್ಲ ಹೊಗೆ ಕುಡಿದು ಬೂದಿಬಣ್ಣಕ್ಕೆ ತಿರುಗಿದೆ. ಹಳೆಯ ವ್ಯಾನೊಂದು ಬಾರಿನ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಇಳಿದವರಿಗೆ ಅರವತ್ತರ ಆಸುಪಾಸು. ಗರಿಗರಿ ಇಸ್ತ್ರಿಯ ಅಂಗಿ, ಮುಖ ಕಾಣುವಷ್ಟು ಉಜ್ಜಿದ ಬೂಟು. ಮೊದಲು ಆಂಪ್ಲಿಫೈಯರ್ ಇಳಿಸಿದರು. ಮೂವತ್ತು ಕೆ.ಜಿ.ಗೆ ಹತ್ತಿರದ ಪೆಟ್ಟಿಗೆ ಅದು. ಮೊಣಕಾಲಿಗೆ ಆನಿಸಿ ಹಿಡಿದು, ಜಾರುವ ಮೆಟ್ಟಿಲು ಒಂದೊಂದೇ ಹತ್ತಿದರು.

ಗಿಟಾರನ್ನು ಒಳಗೆ ತಂದರೂ ಅದರ ಪೆಟ್ಟಿಗೆ ತೆರೆಯಲಿಲ್ಲ. ಹೊರಗಿನ ಚಳಿಯಲ್ಲಿ ತಣ್ಣಗಾಗಿ ಬಂದ ಮರಕ್ಕೆ ಕೋಣೆಯ ಬಿಸಿ ಒಮ್ಮೆಗೇ ತಗುಲಿದರೆ ಮೈಮೇಲಿನ ಮೆರುಗು ಕೂದಲೆಳೆಯಂತೆ ಬಿರಿಯುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೇ ಅದು ನಿಧಾನವಾಗಿ ಬೆಚ್ಚಗಾಗಬೇಕು. ಬಾಣಂತಿ ಕೋಣೆಯ ಕೂಸನ್ನು ಹೊರಗಿನ ಗಾಳಿಗೆ ತರುವಾಗ ನಮ್ಮ ಅಜ್ಜಿಯಂದಿರು ವಹಿಸುತ್ತಿದ್ದ ಎಚ್ಚರವನ್ನು ಅಲ್ಲಿ ಕಂಡೆ.

ಇದು ಅವರ ರಾತ್ರಿ ಪಾಳಿ. ಹಗಲು ಮಕ್ಕಳಿಗೆ ಗಿಟಾರ್ ಪಾಠ, ನಡುವೆ ಆಂಪ್ಲಿಫೈಯರ್ ರಿಪೇರಿ. ಈ ಊರಿನ ಬ್ಲೂಸ್ ಸಂಗೀತ ಮೊದಲಿನಿಂದಲೂ ಮೈಮುರಿದು ದುಡಿಯುವವರದೇ. ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯ ಹತ್ತಿಹೊಲ ಬಿಟ್ಟು ರೈಲು ಹತ್ತಿ ಬಂದವರು. ಹಗಲು ಲಾರಿಯಲ್ಲಿ ಕಿಟಕಿ ಪರದೆಗಳನ್ನು ಸಾಗಿಸಿ, ಸಂಜೆ ಬಾರುಗಳಲ್ಲಿ ನುಡಿಸುತ್ತಿದ್ದರು. ಹಳ್ಳಿಯ ಜಗಲಿಗೆ ಸಾಲುತ್ತಿದ್ದ ಮರದ ಗಿಟಾರಿನ ದನಿ ಪಟ್ಟಣದ ಬಾರಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಹಾಗಾಗಿ ವಿದ್ಯುತ್ ಗಿಟಾರ್ ಹಿಡಿದರು. ಶಿಕಾಗೊ ಬ್ಲೂಸಿನ ಗಡಸು ದನಿ ಹುಟ್ಟಿದ್ದು ಗಿರಾಕಿಗಳ ಕಿವಿಗೆ ಮುಟ್ಟಲೇಬೇಕೆಂಬ ಈ ಗರಜಿನಿಂದ. 1957ರಲ್ಲಿ ಲೂಸಿಯಾನದಿಂದ ಬಂದ ಬಡ್ಡಿ ಗೈ ಕೂಡ, ಹೆಸರು ಮಾಡಿದ ಮೇಲೂ ಎಷ್ಟೋ ಕಾಲ, ಕೆಟ್ಟುನಿಂತ ಕಾರುಗಳನ್ನು ಎಳೆಯುವ ಲಾರಿ ಓಡಿಸಿದರು.

ಮ್ಯಾಕ್ಸ್‌ವೆಲ್ ಬೀದಿಯ ಕಥೆಯನ್ನಂತೂ ಹೇಳಲೇಬೇಕು. ಅಲ್ಲಿ ಭಾನುವಾರ ಬೆಳಗ್ಗೆ ಸಂತೆ. ಸಾಕ್ಸು, ಸ್ಪ್ಯಾನರು, ಹಳೆಯ ಟೈರುಗಳ ನಡುವೆ ವಾದಕರು ನಿಲ್ಲುತ್ತಿದ್ದರು. ಕರೆಂಟಿಗೆ ಪಕ್ಕದ ಮನೆಯವರನ್ನು ಕೇಳಿ, ಒಂದಿಷ್ಟು ಕಾಸು ಕೊಟ್ಟು, ಕಿಟಕಿಯಿಂದ ವೈರು ಎಳೆದುಕೊಳ್ಳುತ್ತಿದ್ದರು. 1994ರಲ್ಲಿ ಸಂತೆಯನ್ನು ಅಲ್ಲಿಂದ ಎಬ್ಬಿಸಿದರು. ಒಂದು ಇಡೀ ಪಾಠಶಾಲೆ ಹೋದಂತಾಯಿತು ಎಂದೇ ನನ್ನ ಭಾವನೆ. ನಿಂತು ಕೇಳುವ ಹುಡುಗನಿಗೆ ಅಲ್ಲಿ ಫೀಸು ಇರಲಿಲ್ಲ.

ಒಂಬತ್ತೂವರೆಗೆ ಆಂಪ್ಲಿಫೈಯರಿನ ವಾಲ್ವುಗಳು ಕೆಂಪಗೆ ಮಿನುಗಿದವು. ತಾಲೀಮು ಇಲ್ಲ. ಹಾಡುವವರು ತಿರುಗಿ ಶ್ರುತಿ ಹೇಳಿದರು, ಕಾಲಲ್ಲಿ ಲಯ ತಟ್ಟಿದರು, ಅಷ್ಟೇ. ಹನ್ನೆರಡು ಬಾರ್, ಎಂದರೆ ಲಯದ ಹನ್ನೆರಡು ಮನೆ, ಒಂದೊಂದಕ್ಕೆ ನಾಲ್ಕು ಎಣಿಕೆ; ನಲವತ್ತೆಂಟಕ್ಕೆ ಒಂದು ಸುತ್ತು ಮುಗಿದು ಮತ್ತೆ ಮೊದಲ ಮನೆಗೆ ಬಂದು ಬೀಳಬೇಕು. ತಾಳದ ಆವರ್ತ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಡುವವರು ಒಂದು ಸಾಲು ಹೇಳುತ್ತಾರೆ, ಅದನ್ನೇ ಮರಳಿ ಹೇಳುತ್ತಾರೆ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಪ್ರತಿ ಸಾಲಿನ ಕೊನೆಯಲ್ಲಿ ಉಸಿರಿಗೆ ಉಳಿಯುವ ಜಾಗವೇ ಗಿಟಾರಿನದು. ಕಛೇರಿಯ ಪಿಟೀಲಿನವರಂತೆ ಇವರು ಹಾಡುವವರ ಬಾಯನ್ನೇ ನೋಡುತ್ತ ಕಾದರು. ಸಾಲು ಮುಗಿದೊಡನೆ ಮೂರೇ ಮೂರು ಸ್ವರ ಇಟ್ಟು ಸುಮ್ಮನಾದರು.

ಆ ಮೂರರಲ್ಲಿ ನಡುವಿನದು ಗಾಂಧಾರ. ಚಿಕ್ಕಂದಿನಲ್ಲಿ ವೀಣೆ ಕಲಿತ ನನ್ನ ಕಿವಿ ಅದನ್ನು ಸಾಧಾರಣ ಗಾಂಧಾರದಲ್ಲಿ ಕೂರಿಸಲು ನೋಡಿತು, ಕೂರಲಿಲ್ಲ, ಅಂತರ ಗಾಂಧಾರಕ್ಕೂ ಏರಲಿಲ್ಲ. ಉಂಗುರದ ಬೆರಳು ತಂತಿಯನ್ನು ಪಕ್ಕಕ್ಕೆ ದೂಡುತ್ತಿತ್ತು, ಹಿಂದಿನ ಎರಡು ಬೆರಳು ಅದಕ್ಕೆ ಹೆಗಲು ಕೊಟ್ಟಿದ್ದವು. ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತೆಗೆಯುವ ವೈಣಿಕರ ಬೆರಳಿನದೇ ಕೆಲಸ. ಸ್ವರ ಎರಡು ಗಾಂಧಾರಗಳ ನಡುವೆ ಒಂದು ಕಡೆ ನಿಂತು ನಡುಗಿತು. ಮುಂದಿನ ಮೇಜಿನ ಹೆಂಗಸು ಎತ್ತಿದ ಲೋಟವನ್ನು ಹಾಗೇ ಹಿಡಿದುಕೊಂಡಿದ್ದಳು.

ಎರಡನೆಯ ಸರದಿಯ ನಡುವೆ ತಂತಿ ಹರಿಯಿತು. ಚಟ್ಟನೆ ಸದ್ದು, ಕೈಮೇಲೊಂದು ಕೆಂಪು ಗೆರೆ. ನಿಲ್ಲಿಸಲಿಲ್ಲ. ಬೆರಳುಗಳು ಪಕ್ಕದ ತಂತಿಗೆ ಹೋಗಿ, ಅದೇ ಸ್ವರವನ್ನು ನಾಲ್ಕೈದು ಮನೆ ಮೇಲೆ ಹುಡುಕಿಕೊಂಡವು. ಐದು ತಂತಿಯಲ್ಲೇ ಹಾಡು ದಡ ಮುಟ್ಟಿತು. ಬಿಡುವಿನಲ್ಲಿ ಹೊಸ ತಂತಿ ಹಾಕಿ, ಹರಿದ ತುಂಡನ್ನು ಸುರುಳಿ ಸುತ್ತಿ ಜೇಬಿಗಿಟ್ಟರು.

ಆಮೇಲೆ ಪ್ರವಾಸಿಗರ ಗುಂಪೊಂದು ಬಂದು ‘ಸ್ವೀಟ್ ಹೋಮ್ ಶಿಕಾಗೊ’ ಬೇಕೆಂದಿತು. ರಾಬರ್ಟ್ ಜಾನ್ಸನ್ 1936ರಲ್ಲಿ ರೆಕಾರ್ಡ್ ಮಾಡಿದ ಹಾಡು. ಈ ಊರಿನ ಬಾರುಗಳಲ್ಲಿ ಅದನ್ನು ಕೇಳದ ರಾತ್ರಿಯಿಲ್ಲ. ಸಾವಿರ ಸಲ ನುಡಿಸಿರಬಹುದು. ಆದರೂ ಮುಖದಲ್ಲಿ ಬೇಸರದ ಗೆರೆಯಿಲ್ಲ. ಕೇಳಿದವರಿಗೆ ಇದು ಮೊದಲನೆಯ ಸಲ ಅಲ್ಲವೇ ಎಂದರು, ಆಮೇಲೆ ನಾನು ವಿಚಾರಿಸಿದಾಗ. ಆ ಮಾತನ್ನು ನಾನು ಊರಿಗೆ ಹೊತ್ತು ತಂದಿದ್ದೇನೆ.

ಕೊನೆಯ ಸರದಿಗೆ ಮೂಲೆಯಲ್ಲಿ ಕಾದಿದ್ದ ಹುಡುಗನೊಬ್ಬನನ್ನು ಮೇಲೆ ಕರೆದರು. ಹುಡುಗ ಕಲಿತದ್ದನ್ನೆಲ್ಲ ಒಂದೇ ಸುತ್ತಿನಲ್ಲಿ ಸುರಿದ. ಇವರು ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಮುಂದಿನ ಸುತ್ತಿನಲ್ಲಿ ಅವನು ಅರ್ಧ ಜಾಗ ಖಾಲಿ ಬಿಟ್ಟ. ಡ್ರಮ್ಮಿನವರು ತಲೆದೂಗಿದರು.

ಎರಡು ಗಂಟೆಗೆ ದೀಪ ಹತ್ತಿತು. ಆಂಪ್ಲಿಫೈಯರಿನ ಮೇಲೆ ನೋಟುಗಳನ್ನು ಹರಡಿ ನಾಲ್ಕು ಪಾಲು ಮಾಡಿದರು. ಬಕೆಟ್ಟಿನಲ್ಲಿ ಬಿದ್ದ ಭಕ್ಷೀಸನ್ನೂ ಹಾಗೆಯೇ. ಪಾಲು ಸಣ್ಣದು. ಅಷ್ಟು ಜನರನ್ನು ಕುರ್ಚಿ ಬಿಟ್ಟು ಏಳದಂತೆ ಹಿಡಿದಿಟ್ಟ ಕೈಗಳಿಗೆ ಅದು ಸಾಲದು, ನನಗೆ ಸಂಕಟವಾಯಿತು. ಅವರು ಎಣಿಸಿ, ಮಡಚಿ, ಹರಿದ ತಂತಿಯಿದ್ದ ಜೇಬಿಗೇ ಹಾಕಿಕೊಂಡರು.

ಹೊರಗೆ ವ್ಯಾನಿನ ಗಾಜಿಗೆ ಹಿಮ ಕಟ್ಟಿತ್ತು. ಮೊದಲು ಎಡಗೈಗೆ ಗವಸು ಹಾಕಿ, ಬಲಗೈಯಲ್ಲಿ ಕೆರೆದರು. ಆಂಪ್ಲಿಫೈಯರ್ ಹಿಂಬದಿಯ ಚಳಿಗೆ ಹೋಯಿತು. ಗಿಟಾರನ್ನು ಮುಂದಿನ ಸೀಟಿನಲ್ಲಿ ನಿಲ್ಲಿಸಿ, ಮೇಲೊಂದು ಕಂಬಳಿ ಹೊದಿಸಿ, ಬೆಲ್ಟ್ ಬಿಗಿದು, ಹೀಟರಿನ ಬಾಯಿಯನ್ನು ಅದರಿಂದ ಆಚೆಗೆ ತಿರುಗಿಸಿದರು.